ಅಶಕ್ತಿಯೂ ವ್ರತವೂ: ಜಠರ ಕಿರಿದಾದವರ ಪಾನವಿಚಾರ

ಅನ್ನ, ಪಾನ, ಖಾದ್ಯ, ಲೇಹ್ಯ ಎಂದು ಆಹಾರವನ್ನು ನಾಲ್ಕು ವಿಧವಾಗಿ ಶ್ರಾವಕಾಚಾರ ಗ್ರಂಥಗಳು ವಿಭಾಗಿಸಿವೆ. ಈ ನಾಲ್ಕರಲ್ಲಿ ಪಾನದ ವಿಚಾರವು ನಮ್ಮ ಮನೆಗಳಲ್ಲಿ ಬಹು ಬೇಗ ಮುಗಿದುಹೋಗುತ್ತದೆ. ಕಂದಮೂಲ ಯಾವುದು, ಅಭಕ್ಷ್ಯ ಯಾವುದು ಎಂದು ಗಂಟೆಗಟ್ಟಲೆ ಚರ್ಚಿಸುವ ಹಿರಿಯರೂ ಕುಡಿಯುವುದರ ಮಾತು ಬಂದಾಗ ‘ಸೋಸಿದ ನೀರಾದರೆ ಸಾಕು’ ಎಂದು ನಿಲ್ಲಿಸಿಬಿಡುತ್ತಾರೆ. ಆದರೆ ಈಚಿನ ವರ್ಷಗಳಲ್ಲಿ ಪಾನವೇ ಮೊದಲ ಪ್ರಶ್ನೆಯಾಗಿ ನಿಲ್ಲುವಂಥ ಒಂದು ಸ್ಥಿತಿ ಶ್ರಾವಕ ಕುಟುಂಬಗಳೊಳಕ್ಕೂ ಬಂದಿದೆ. ಅತಿಸ್ಥೂಲತೆಯ ನಿವಾರಣೆಗಾಗಿ ಜಠರವನ್ನು ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆಯೇ ಅದಕ್ಕೆ ಕಾರಣ.

ಕುಂದಾಪುರ ಪೇಟೆಯ ಒಬ್ಬ ಶ್ರಾವಿಕೆಯನ್ನು ಭಾವಿಸಿಕೊಳ್ಳಬಹುದು. ದೇಹದ ತೂಕ 110 ಕಿಲೋ, ಜೊತೆಗೆ ಮಧುಮೇಹ, ಮೊಣಕಾಲಿನ ನೋವಿನಿಂದ ಬಾರಕೂರಿನ ಕತ್ತಲೆ ಬಸದಿಗೆ ಹೋದರೂ ಹೊರಗೇ ಕುಳಿತು ಕೈಮುಗಿಯಬೇಕಾದ ಸ್ಥಿತಿ. ಈ ಭಾಗದ ಜನರು ದೊಡ್ಡ ಚಿಕಿತ್ಸೆಗೆಂದು ಹೋಗುವಂತೆ ಆಕೆಯೂ ದಕ್ಷಿಣಕ್ಕೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮರಳುತ್ತಾಳೆ. ಬೈಂದೂರಿನಿಂದ ಬಂದ ನಾದಿನಿ, ಬ್ರಹ್ಮಾವರದಿಂದ ಬಂದ ಚಿಕ್ಕಮ್ಮ, ಎಲ್ಲರ ಮುಂದೆಯೂ ಅತ್ತೆಯವರ ಪ್ರಶ್ನೆ ಒಂದೇ: ‘ಆಸರಿಗೆ ಇವಳಿಗೆ ಎಂತ ಕೊಡುವುದು?’ ಬಂದವರಿಗೆ ಬೆಲ್ಲ ನೀರು ಕೊಟ್ಟು ಬಾಯಾರಿಕೆ ಕೇಳುವುದು ಈ ಸೀಮೆಯ ಮರ್ಯಾದೆ. ಆ ಬೆಲ್ಲವೂ ಆಕೆಗೆ ಸಲ್ಲದು, ಆ ನೀರನ್ನು ಒಂದೇ ಉಸಿರಿಗೆ ಕುಡಿಯುವುದೂ ಸಲ್ಲದು.

ಚಿಕಿತ್ಸೆಯ ಸ್ವರೂಪವನ್ನು ಸಂಕ್ಷೇಪವಾಗಿ ತಿಳಿಯುವುದು ಅಗತ್ಯ. ಜಠರವನ್ನು ಬಳಸುದಾರಿಯಲ್ಲಿ ಕರುಳಿಗೆ ಜೋಡಿಸುವ ಕ್ರಮವನ್ನು 1966ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು ಆರಂಭಿಸಿದರು. ಈ ಕ್ರಮದಲ್ಲಿ ಅನ್ನಕೋಶವು ಸುಮಾರು 30 ಮಿಲಿಲೀಟರಿನಷ್ಟು ಪುಟ್ಟ ಚೀಲವಾಗುತ್ತದೆ. ಇನ್ನೊಂದು ಕ್ರಮದಲ್ಲಿ ಜಠರದ ಮುಕ್ಕಾಲು ಪಾಲಿಗೂ ಹೆಚ್ಚನ್ನು ಕತ್ತರಿಸಿ ತೆಗೆದು ಬಾಳೆಯ ಕಾಯಿಯಂಥ ಕೊಳವೆಯನ್ನಷ್ಟೇ ಉಳಿಸುತ್ತಾರೆ. ಯಾವುದಾದರೂ ಸರಿ, ಮೊದಲ ದಿನಗಳಲ್ಲಿ ನೀರನ್ನು ಗುಟುಕು ಗುಟುಕಾಗಿ, ಕಾಲು ಗಂಟೆಗೆ 30 ಮಿಲಿಲೀಟರಿನಂತೆ ಹೀರಬೇಕಾಗುತ್ತದೆ. ಸುಮಾರು ಎರಡು ವಾರ ದ್ರವವೇ ಆಹಾರ. ಆ ಬಳಿಕ ಕಿವುಚಿದ ಅನ್ನ. ಒಂದೂವರೆ ಎರಡು ತಿಂಗಳಿಗೆ ಸಾಮಾನ್ಯ ಊಟ, ಅದೂ ಅಂಗೈಯಷ್ಟು. ಊಟದೊಡನೆ ನೀರು ಕುಡಿಯುವಂತಿಲ್ಲ. ಅರ್ಧ ಗಂಟೆ ಕಾಯಬೇಕು. ಆದರೂ ದಿನವೊಂದಕ್ಕೆ ಒಟ್ಟು ಒಂದೂವರೆ ಲೀಟರಿಗೆ ಕಡಿಮೆಯಿಲ್ಲದಂತೆ ದ್ರವ ಒಳಸೇರಲೇಬೇಕು. ಸೇರದಿದ್ದರೆ ತಲೆಸುತ್ತು, ಮೂತ್ರದ ಬಣ್ಣ ಕಂದುವುದು, ಮೂತ್ರಪಿಂಡಕ್ಕೆ ತೊಂದರೆ. ಮರಳಿ ಆಸ್ಪತ್ರೆ ಸೇರುವವರಲ್ಲಿ ಅನೇಕರು ನೀರು ಸಾಲದೆ ಸೇರುವವರೇ. ಕಡಲತಡಿಯ ಚೈತ್ರ ವೈಶಾಖಗಳ ಬೆವರನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಂಥವರನ್ನು ನೋಡಲು ಬಂದವರು ಸದ್ಭಾವದಿಂದಲೇ ಒಂದು ಮಾತು ಆಡುವುದುಂಟು: ‘ನಿಮಗೆ ಅವಮೌದರ್ಯ ತಪಸ್ಸು ತಾನಾಗಿಯೇ ಸಿದ್ಧಿಸಿತು.’ ಹೊಟ್ಟೆ ತುಂಬುವುದಕ್ಕಿಂತ ಕಡಿಮೆ ಉಣ್ಣುವುದು ಬಾಹ್ಯತಪಸ್ಸುಗಳಲ್ಲಿ ಎರಡನೆಯದು. ಇಲ್ಲಿ ಎರಡು ತುತ್ತಿಗೆ ಹೊಟ್ಟೆ ತುಂಬಿಹೋಗುತ್ತದೆ. ಹಾಗಿದ್ದ ಮೇಲೆ ವೈದ್ಯನ ಕತ್ತಿಯೇ ದೀಕ್ಷೆ ಕೊಟ್ಟಿತೆಂದು ತಿಳಿಯಬಹುದೆ?

ತಿಳಿಯಲಾಗದು. ಹೊಟ್ಟೆ ಹಿರಿದಿರುವಾಗ ಕಡಿಮೆ ಉಣ್ಣುವುದು ಅವಮೌದರ್ಯ. ಹೊಟ್ಟೆಯೇ ಕಿರಿದಾಗಿ ತುಂಬ ಉಂಡರೆ ಅದು ಪೂರ್ಣಭೋಜನವೇ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣದ ಸಂದರ್ಭದಲ್ಲಿ ವ್ರತದ ಲಕ್ಷಣವನ್ನು ನಿರ್ಣಯಿಸಿದ್ದಾರೆ. ಅದರ ತಾತ್ಪರ್ಯವಿಷ್ಟು: ಅನುಭವಿಸಲು ಯೋಗ್ಯವಾದ ವಸ್ತುವಿನಿಂದ ಸಂಕಲ್ಪಪೂರ್ವಕವಾಗಿ ಹಿಂದೆ ಸರಿಯುವುದು ವ್ರತ. ಸಂಕಲ್ಪವಿಲ್ಲದ ವಿರತಿ ಹಲ್ಲಿಲ್ಲದವನು ಕಡಲೆ ಬಿಟ್ಟಂತೆ. ಅದೇ ಸಂದರ್ಭದಲ್ಲಿ ಅವರು ಇನ್ನೊಂದು ಅಂಶವನ್ನೂ ಸೇರಿಸಿದ್ದಾರೆ. ಶುದ್ಧವಾಗಿದ್ದರೂ ತನ್ನ ದೇಹಕ್ಕೆ ಅನಿಷ್ಟವಾದುದನ್ನು ಬಿಡಬೇಕು ಎಂಬುದು ಅದು. ಪ್ರಸ್ತುತ ಪ್ರಶ್ನೆಗೆ ಈ ಎರಡು ಅಂಶಗಳೂ ಬೇಕಾಗಿವೆ.

ಆದರೆ ಮನೆಯವರನ್ನು ಮೊದಲು ಕಾಡುವುದು ಇದಾವುದೂ ಅಲ್ಲ; ರಾತ್ರಿಯ ನೀರು. ಸೂರ್ಯಾಸ್ತದ ಅನಂತರ ಅನ್ನ ಮಾತ್ರ ಬಿಟ್ಟು ನೀರು, ಔಷಧಗಳನ್ನು ಇಟ್ಟುಕೊಂಡ ಗೃಹಸ್ಥರಿಗೆ ತೊಡಕಿಲ್ಲ. ಚತುರ್ವಿಧ ಆಹಾರವನ್ನೂ ಆಜೀವ ಬಿಟ್ಟವಳಿಗೆ ಏನು ಗತಿ? ಇದಕ್ಕೆ ಭಾವುಕತೆಯ ಉತ್ತರಕ್ಕಿಂತ ಲೆಕ್ಕದ ಉತ್ತರ ಒಳ್ಳೆಯದು. ಕುಂದಾಪುರದ ಅಕ್ಷಾಂಶದಲ್ಲಿ ಡಿಸೆಂಬರಿನ ಅತಿ ಕಿರಿಯ ಹಗಲು ಸುಮಾರು 11 ಗಂಟೆ 20 ನಿಮಿಷ. ಜೂನಿನ ಅತಿ ಹಿರಿಯ ಹಗಲು ಸುಮಾರು 12 ಗಂಟೆ 55 ನಿಮಿಷ. ಕಟ್ಟುನಿಟ್ಟಾಗಿ ನಡೆಯುವವರು ಸೂರ್ಯೋದಯದ ಬಳಿಕ ಎರಡು ಘಳಿಗೆ, ಸೂರ್ಯಾಸ್ತಕ್ಕೆ ಮುನ್ನ ಎರಡು ಘಳಿಗೆ, ಒಟ್ಟು 96 ನಿಮಿಷ ಬಿಡುತ್ತಾರೆ. ಉಳಿದ ಹೊತ್ತಿನಲ್ಲಿ ಕಾಲು ಗಂಟೆಗೆ 30 ಮಿಲಿಲೀಟರಿನಂತೆ ಒಮ್ಮೆಯೂ ತಪ್ಪದೆ ಹೀರಿದರೂ ಡಿಸೆಂಬರಿನಲ್ಲಿ 1,170 ಮಿಲಿಲೀಟರು, ಜೂನಿನಲ್ಲಿ 1,360 ಮಿಲಿಲೀಟರು ಮಾತ್ರ ಒಳಗೆ ಹೋಗುತ್ತದೆ. ಒಂದೂವರೆ ಲೀಟರು ಎರಡು ಋತುವಿನಲ್ಲಿಯೂ ತುಂಬದು. ವ್ರತವೂ ವೈದ್ಯನ ಮಾತೂ ಮೊದಲ ಕೆಲವು ವಾರಗಳಲ್ಲಿ ಒಟ್ಟಿಗೆ ನಡೆಯಲಾರವು ಎಂಬುದು ಇದರಿಂದ ಸ್ಪಷ್ಟ.

ಇಲ್ಲಿ ಒಂದು ಕಠಿಣ ಮಾತು ಹೇಳಬೇಕಾಗಿದೆ. ಈ ಚಿಕಿತ್ಸೆ ಸಾಮಾನ್ಯವಾಗಿ ಮುಂದಾಗಿ ದಿನ ಗೊತ್ತುಮಾಡಿ ನಡೆಯುವಂಥದು. ಸಿಡಿಲಿನಂತೆ ಎರಗುವ ಆಪತ್ತಲ್ಲ. ಆದುದರಿಂದ ‘ರೋಗಕ್ಕೆ ರಿಯಾಯಿತಿ ಇದೆ’ ಎಂದು ಆಮೇಲೆ ಹೇಳಿಕೊಳ್ಳುವುದು ದುರ್ಬಲ ಸಮಾಧಾನ. ತನ್ನ ನಿಯಮಗಳ ಪಟ್ಟಿಯನ್ನು ವೈದ್ಯನ ಮುಂದೆಯೂ, ಚಿಕಿತ್ಸೆಯ ಲೆಕ್ಕವನ್ನು ವ್ರತ ಕೊಟ್ಟ ಗುರುಗಳ ಮುಂದೆಯೂ ಮೊದಲೇ ಇಡುವುದು ವ್ರತಸ್ಥಳ ಕರ್ತವ್ಯ. ಅವಸರವಿಲ್ಲದಿದ್ದರೆ ಹಗಲು ದೀರ್ಘವಾಗಿಯೂ ಮಳೆಯಿಂದ ಬೆವರು ಕಡಿಮೆಯಾಗಿಯೂ ಇರುವ ಜ್ಯೇಷ್ಠ ಆಷಾಢವನ್ನು ಆರಿಸಿಕೊಳ್ಳಬಹುದು. ಕರಾವಳಿಯ ಮಳೆಗಾಲಕ್ಕೆ ಇಂಥದೊಂದು ಉಪಯೋಗವೂ ಇದೆ. ಶಕ್ತಿಗೆ ತಕ್ಕ ತ್ಯಾಗ, ಶಕ್ತಿಗೆ ತಕ್ಕ ತಪಸ್ಸು ಎಂಬ ಎರಡೂ ಷೋಡಶ ಭಾವನೆಗಳಲ್ಲಿ ಸೇರಿವೆ. ಗುರುಗಳಲ್ಲಿ ನಿವೇದಿಸಿ, ಅವರು ವಿಧಿಸಿದ ಪ್ರಾಯಶ್ಚಿತ್ತವನ್ನು ಒಪ್ಪಿ, ರಾತ್ರಿ ನಾಲ್ಕು ಗುಟುಕು ಕಾಯಿಸಿದ ನೀರು ಕುಡಿದವಳಿಗಿಂತ, ಯಾರಿಗೂ ಹೇಳದೆ ಹಟದಿಂದ ನಾಲಗೆ ಒಣಗಿಸಿಕೊಂಡು ಮೂರನೆಯ ದಿನ ಆಸ್ಪತ್ರೆ ಸೇರಿದವಳು ಹೆಚ್ಚಿನ ವ್ರತಿಯೆಂದು ಎಣಿಸಲು ಕಾರಣ ಕಾಣದು. ಹಾಗೆಯೇ ಏಕಾಶನವೂ ನಿರ್ಜಲ ಉಪವಾಸವೂ ಇಂಥವರಿಗೆ ಬಹುಕಾಲ ಸಲ್ಲವು. ಒಂದೇ ಬಾರಿಗೆ ದಿನದ ಪೋಷಣೆಯನ್ನು ಆ ಪುಟ್ಟ ಚೀಲ ಹಿಡಿಯಲಾರದು. ದಿನಕ್ಕೆ ಐದಾರು ಬಾರಿ ಚೂರು ಚೂರು ತಿನ್ನುವ ಆಕೆ ನೋಡುವವರಿಗೆ ತಿಂಡಿಪೋತಿಯಂತೆ ಕಾಣಬಹುದು. ಕಂಡವರು ಬಾಯಿ ಬಿಗಿಹಿಡಿಯುವುದು ಅವರ ಪಾಲಿನ ಸಂಯಮ.

ಇಷ್ಟೆಲ್ಲ ತೊಳಲಾಟವೂ ಕೆಲವು ವಾರಗಳದು. ಗಾಯ ಮಾಗಿದಂತೆ ಗುಟುಕು ದೊಡ್ಡದಾಗುತ್ತದೆ. 60 ಮಿಲಿಲೀಟರು ಹಿಡಿಸುವ ಹೊತ್ತಿಗೆ ಹಗಲಿನಲ್ಲಿಯೇ ಲೆಕ್ಕ ತುಂಬಿ, ವೈದ್ಯನ ಒಪ್ಪಿಗೆಯೊಡನೆ ರಾತ್ರಿಯ ತ್ಯಾಗ ಮೊದಲಿನಂತೆ ನಡೆಯಬಹುದು. ಬಾಳಿನುದ್ದಕ್ಕೂ ಉಳಿಯುವ ಪ್ರಶ್ನೆ ಬೇರೆಯೇ ಇದೆ. ಅದು ಹಗಲಿನದು, ಸೋಸಿದ್ದು, ಯಾವ ಶಾಸ್ತ್ರದೋಷವೂ ಮೇಲ್ನೋಟಕ್ಕೆ ಕಾಣದ್ದು. ಆದುದರಿಂದಲೇ ಯಾರೂ ಅದರ ಬಗ್ಗೆ ಕೇಳುವುದಿಲ್ಲ.

ಕಿರಿದಾದ ಜಠರವು ಗಟ್ಟಿ ಆಹಾರವನ್ನು ತಡೆಯುತ್ತದೆ, ದ್ರವವನ್ನು ತಡೆಯದು. ಎರಡು ದೋಸೆ ತಿನ್ನಲಾರದವಳು ಗಂಟೆಯೊಳಗೆ ಒಂದು ಲೋಟ ಬಾದಾಮಿ ಹಾಲನ್ನೋ ಪಾನಕವನ್ನೋ ಕಬ್ಬಿನ ಹಾಲನ್ನೋ ನಿರಾಯಾಸವಾಗಿ ಇಳಿಸಿಬಿಡಬಹುದು. ಶಿರೂರಿನಿಂದ ಬ್ರಹ್ಮಾವರದವರೆಗೆ ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಅಂಗಡಿಗಳಲ್ಲಿ ಇದಕ್ಕೇನೂ ಬರವಿಲ್ಲ. (ಬ್ರಹ್ಮಾವರದ ಸಹಕಾರಿ ಸಕ್ಕರೆ ಕಾರ್ಖಾನೆ ನಿಂತು ಎಷ್ಟೋ ವರ್ಷಗಳಾದವು, ಸಕ್ಕರೆಯ ಮೇಲಿನ ಪ್ರೀತಿ ನಿಂತಿಲ್ಲ.) ಬಳಸುದಾರಿಯ ಚಿಕಿತ್ಸೆಯಾದವರಲ್ಲಿ ಇಂಥ ಸಿಹಿ ನೀರು ನೇರವಾಗಿ ಕರುಳಿಗೆ ಧುಮುಕಿ ಅರ್ಧ ಗಂಟೆಯೊಳಗೆ ಬೆವರು, ಎದೆಬಡಿತ, ತಲೆಸುತ್ತುಗಳನ್ನು ತರುತ್ತದೆ. ಅದೊಂದು ಉಪಕಾರವೆಂದೇ ಹೇಳಬೇಕು. ಇನ್ನೊಂದು ಬಗೆಯವರಲ್ಲಿ ಈ ಶಿಕ್ಷೆ ಅನೇಕ ವೇಳೆ ಕಾಣಿಸದು. ಸುಮ್ಮನೆ ತೂಕ ಮರಳುತ್ತದೆ. ಕತ್ತಿ ಕತ್ತರಿಸಿದ್ದು ಜಠರವನ್ನು, ಇಚ್ಛೆಯನ್ನಲ್ಲ. ತಪಸ್ಸಿನ ತಿರುಳು ಇಚ್ಛೆಯನ್ನು ತಡೆಯುವುದರಲ್ಲಿದೆ ಎಂಬ ಪೂರ್ವಾಚಾರ್ಯರ ಅಭಿಪ್ರಾಯವನ್ನು ಈ ಲೋಟದ ಮುಂದೆ ಕುಳಿತು ಪರೀಕ್ಷಿಸಬಹುದು. ತಿನ್ನುವುದರಲ್ಲಿ ಆಕೆಗೆ ಆಯ್ಕೆ ಉಳಿದಿಲ್ಲ, ಹಾಗಾಗಿ ಅಲ್ಲಿ ವ್ರತಕ್ಕೂ ಎಡೆ ಕಡಿಮೆ. ಕುಡಿಯುವುದರಲ್ಲಿ ಆಯ್ಕೆ ಪೂರ್ತಿಯಾಗಿ ಉಳಿದಿದೆ.

ಇನ್ನು ಏನನ್ನು ಕುಡಿಯಬಹುದು ಎಂಬ ವಿಚಾರ. ಬೆಳಗಿನಿಂದ ಗುಟುಕರಿಸುತ್ತ ಇರಬೇಕಾದ್ದರಿಂದ ಬರಿಯ ಸೋಸಿದ ನೀರಿನ 48 ನಿಮಿಷದ ಮರ್ಯಾದೆ ಸಾಲದು. ಸೋಸಿ ಚೆನ್ನಾಗಿ ಕಾಯಿಸಿದ ನೀರು ಸಂಪ್ರದಾಯದಂತೆ 24 ಗಂಟೆ ಪ್ರಾಸುಕವಾದ್ದರಿಂದ ಅದೇ ಅನುಕೂಲ, ಹೊಸದಾಗಿ ಗಾಯ ಮಾಗುತ್ತಿರುವ ಹೊಟ್ಟೆಗೂ ಹಿತ. ಕೊತ್ತಂಬರಿ ಜೀರಿಗೆಯ ಕಷಾಯ, ಸಕ್ಕರೆ ಬೆಲ್ಲ ಎರಡೂ ಇಲ್ಲದೆ. ಶುಂಠಿ ಬೇಕೆನಿಸಿದರೆ ಒಣಶುಂಠಿ. ಕುಚ್ಚಲಕ್ಕಿ ಗಂಜಿಯ ತಿಳಿಗೆ ಚಿಟಿಕೆ ಉಪ್ಪು. ಬೊಂಡದ ನೀರು ಸ್ವಲ್ಪ ಸ್ವಲ್ಪವಾಗಿ. ಪುನರ್ಪುಳಿಯ ನೀರು ಗಾಯ ಮಾಗಿದ ಮೇಲೆ, ಸಿಹಿಯಿಲ್ಲದೆ. ಸೋಡಾ, ಗಾಳಿ ತುಂಬಿದ ಯಾವುದೇ ಬಾಟಲಿಯ ಪಾನೀಯ ಆ ಇಕ್ಕಟ್ಟಿನಲ್ಲಿ ಉಬ್ಬಿ ನೋಯಿಸುತ್ತದೆ.

ತೂಕ ಇಳಿಸಲು ಬಿಸಿನೀರಿಗೆ ಜೇನು, ನಿಂಬೆ ಎಂದು ಉಪದೇಶಿಸುವವರು ಬೀದಿಗೊಬ್ಬರಿದ್ದಾರೆ. ಜೇನು ಮೂರು ಮಕಾರಗಳಲ್ಲಿ ಒಂದು. ಅಷ್ಟಮೂಲಗುಣ ಧರಿಸಿದ ಮನೆಯಲ್ಲಿ ಅದಕ್ಕೆ ಸ್ಥಾನವಿಲ್ಲ, ಮೇಲಾಗಿ ಅದೂ ಸಕ್ಕರೆಯೇ. ಹಸಿರು ಚುಕ್ಕಿಯನ್ನು ನಂಬಿ ಕೊಳ್ಳುವವರು ಜೇನಿನ ಸೀಸೆಯ ಮೇಲೂ ಅದೇ ಚುಕ್ಕಿ ಇರುವುದನ್ನು ಗಮನಿಸಬೇಕು. ಆಸವ, ಅರಿಷ್ಟಗಳಲ್ಲಿ ಹುಳಿಯುವಾಗ ತಾನಾಗಿ ಹುಟ್ಟಿದ ಮದ್ಯಾಂಶವಿರುತ್ತದೆ; ಈ ಚಿಕಿತ್ಸೆಯಾದವರ ರಕ್ತಕ್ಕೆ ಮದ್ಯವು ಬೇಗನೆ ಏರುತ್ತದೆ ಎಂಬುದು ಬಿಡಲು ಎರಡನೆಯ ಕಾರಣ.

ನಿಜವಾದ ತೊಡಕು ಸಸಾರಜನಕದ್ದು. ದಿನಕ್ಕೆ 60 ಗ್ರಾಮಿಗೆ ಕಡಿಮೆಯಾಗದಂತೆ ಬೇಕೆನ್ನುತ್ತಾರೆ. ಹೆಸರುಬೇಳೆಯ ತಿಳಿ ಕಟ್ಟಿನಲ್ಲಿ ಅದು ಹೆಸರಿಗೆ ಮಾತ್ರ. 100 ಮಿಲಿಲೀಟರು ಹಸುವಿನ ಹಾಲಿನಲ್ಲಿ 3 ಗ್ರಾಮಿಗೆ ಸ್ವಲ್ಪ ಹೆಚ್ಚು. ಬೇಳೆಹಿಟ್ಟನ್ನು ಮಜ್ಜಿಗೆಯಲ್ಲಿ ಕದಡಿ ಕುಡಿಸುವ ಸಲಹೆ ದ್ವಿದಳದೋಷಕ್ಕೆ ಗುರಿಯಾಗುತ್ತದೆ; ಕಟ್ಟನ್ನು ಬೇರೆ, ಮಜ್ಜಿಗೆಯನ್ನು ಬೇರೆ ಹೊತ್ತಿನಲ್ಲಿ ಕೊಡಬೇಕು. ಕೆನೆ ತೆಗೆದ ಹಾಲಿನ ಪುಡಿಯನ್ನು ಹಾಲಿಗೇ ಬೆರೆಸಿದರೆ ಸಾರ ಹೆಚ್ಚುತ್ತದೆ. ಅಂಗಡಿಯ ಪುಡಿಗಳಲ್ಲಿ ಬಹುಪಾಲು ಚೀಸ್ ಮಾಡಿದಾಗ ಉಳಿಯುವ ಹಾಲಿನ ತಿಳಿಯಿಂದ ಆದವು. ವಿದೇಶಗಳಲ್ಲಿ ಹಾಲು ಒಡೆಯಲು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸುವುದುಂಟು, ವಿಚಾರಿಸದೆ ಕೊಳ್ಳಬಾರದು. ಸೋಯಾ, ಬಟಾಣಿಯ ಪುಡಿಗಳೂ ಸಿಗುತ್ತವೆ. ಜೀವಸತ್ವ ಬಿ12, ಕಬ್ಬಿಣ, ಸುಣ್ಣದ ಅಂಶ ಆಜೀವ ಬೇಕು. ಇವನ್ನು ಜೆಲಟಿನ್ ಹೊದಿಕೆಯ ಗುಳಿಗೆಯಾಗಿಯೇ ನುಂಗಬೇಕೆಂದಿಲ್ಲ, ಮಾತ್ರೆ ಸೂಜಿಮದ್ದುಗಳಿವೆ. ಕಬ್ಬಿಣದ ಮಾತ್ರೆಯ ಜೊತೆಗೆ ಚಹಾ ಬೇಡ.

ಈ ಪಾನಕ್ರಮವನ್ನು ನೋಡಿದ ಶಾಸ್ತ್ರಜ್ಞರಿಗೆ ಇನ್ನೊಂದು ಕ್ರಮ ನೆನಪಾಗದೆ ಇರದು. ಸಲ್ಲೇಖನದಲ್ಲಿ ಸಾಧಕನು ಮೊದಲು ಗಟ್ಟಿ ಆಹಾರ ಬಿಟ್ಟು ಹಾಲಿನಂಥ ಸ್ನಿಗ್ಧಪಾನಕ್ಕೆ, ಅದನ್ನು ಬಿಟ್ಟು ಗಂಜಿ ಬಿಸಿನೀರಿನಂಥ ಖರಪಾನಕ್ಕೆ, ಕಡೆಗೆ ಉಪವಾಸಕ್ಕೆ ಇಳಿಯುತ್ತಾನೆ. ಇಲ್ಲಿ ರೋಗಿ ಅದೇ ಮೆಟ್ಟಿಲುಗಳನ್ನು ಕೆಳಗಿನಿಂದ ಹತ್ತುತ್ತಾಳೆ: ನೀರು, ಗಂಜಿಯ ತಿಳಿ, ಹಾಲು, ಅನ್ನ. ಪಾತ್ರೆಯೊಳಗಿನದು ಒಂದೇ. ಆದರೆ ಅಲ್ಲಿ ಕಾಯದೊಡನೆ ಕಷಾಯವೂ ಕ್ಷೀಣಿಸಬೇಕು. ಕಾಯ ಮಾತ್ರ ಕೃಶವಾದರೆ ಅದು ಸಲ್ಲೇಖನವೆನಿಸದು. ಆಸ್ಪತ್ರೆಯ ತಕ್ಕಡಿ ತೂಗುವುದು ಕಾಯವನ್ನು. ಕೊತ್ತಂಬರಿ ಕಷಾಯ ಕುಡಿದ ಮಾತ್ರಕ್ಕೆ ಕ್ರೋಧ ಲೋಭಗಳ ಕಷಾಯ ಇಳಿಯಿತೆಂದು ಯಾರೂ ಹೇಳಲಾರರು.

ಕುಂದಾಪುರದ ಶ್ರಾವಿಕೆಯ ಮನೆಗೇ ಮರಳುವುದಾದರೆ, ಆಕೆ ಯಾವ ದೊಡ್ಡ ವ್ರತವನ್ನೂ ಈಗ ಹೊರಬೇಕಾಗಿಲ್ಲ. ಯಮವು ಆಜೀವದ್ದು, ನಿಯಮವು ಕಾಲಮಿತಿಯದು; ಆಕೆಗೆ ನಿಯಮ ಸಾಕು. ಶಸ್ತ್ರಚಿಕಿತ್ಸೆಯಾದುದು ಆಷಾಢದ ಅಷ್ಟಾಹ್ನಿಕದ ಆಸುಪಾಸಿನಲ್ಲಿ ಎಂದಿಟ್ಟುಕೊಂಡರೆ, ಕಾರ್ತಿಕದ ಅಷ್ಟಾಹ್ನಿಕದವರೆಗೆ ಸಿಹಿ ಬೆರೆಸಿದ ಪಾನವನ್ನು ಬಿಟ್ಟಿದ್ದೇನೆಂದು ಜಿನಬಿಂಬದ ಮುಂದೆ ಸಂಕಲ್ಪಿಸಬಹುದು. ಕಾರ್ತಿಕ ಬಂದಾಗ ಫಾಲ್ಗುಣದವರೆಗೆ ಮುಂದುವರಿಸಬಹುದು. ದಶಲಕ್ಷಣದ ಪಾರಣೆಯ ದಿನ ನಾದಿನಿ ಪಾನಕದ ಲೋಟ ಹಿಡಿದು ‘ಅತ್ತಿಗೆ, ಒಂದು ಗುಟುಕಾದರೂ’ ಎಂದಾಗ, ‘ಡಾಕ್ಟರು ಬೇಡವೆಂದಿದ್ದಾರೆ’ ಎಂದೂ ಹೇಳಬಹುದು, ‘ನಿಯಮವಿದೆ’ ಎಂದೂ ಹೇಳಬಹುದು. ಎರಡೂ ನಿಜವೇ. ಅತ್ತೆಯವರು ಅಷ್ಟರಲ್ಲಿ ಒಳಗಿನಿಂದ ಕಷಾಯದ ಪುಟ್ಟ ಲೋಟವನ್ನು ತಂದಿಟ್ಟಿರುತ್ತಾರೆ.