ನಮ್ಮ ಬಯಕೆಯೂ ದೇವರ ಚಿತ್ತವೂ



ಬಯಕೆಯಿಲ್ಲದ ಮನುಷ್ಯನು ಲೋಕದಲ್ಲಿ ಇಲ್ಲ. ನಂಜನಗೂಡಿನ ರೈತನು ರಸಬಾಳೆಯ ಕಂದನ್ನು ನೆಡುವಾಗಲೇ ಅದರ ಗೊನೆಯನ್ನು ಮನಸ್ಸಿನಲ್ಲಿ ಕಾಣುತ್ತಾನೆ. ತಿರುಮಕೂಡಲು ನರಸೀಪುರದ ಕಡೆಯ ಕೂಲಿಯವಳು ಪರರ ಗದ್ದೆಯಲ್ಲಿ ನಾಟಿ ಹಾಕುತ್ತಾ, ತನ್ನ ಮಗಳು ದಾದಿಯ ವಿದ್ಯೆಯನ್ನು ಕಲಿತು ರೋಗಿಗಳ ಬಳಿಯಲ್ಲಿ ನಿಲ್ಲುವದನ್ನು ಕಾಣುತ್ತಾಳೆ. ಇವು ನಿದ್ರೆಯ ಕನಸುಗಳಲ್ಲ, ಎಚ್ಚರದ ಕನಸುಗಳು. ಇಂಥವನ್ನು ಕಾಣುವದು ವಿಶ್ವಾಸಿಗೆ ಯುಕ್ತವೋ? ದೇವರ ಚಿತ್ತಕ್ಕೆ ಒಳಪಡುವದೆಂದರೆ ಇವುಗಳನ್ನು ಕೊಂದುಬಿಡುವದೋ? ಇದನ್ನು ನಾವು ಕೂಡಿ ವಿಚಾರಿಸೋಣ.

ಬಯಕೆಯೇ ಪಾಪದ ಮೂಲವೆಂದೂ, ಅದನ್ನು ಬೇರುಸಹಿತ ಕಿತ್ತವನೇ ಭಕ್ತನೆಂದೂ ಹೇಳುವವರುಂಟು. ಆದರೆ ಗೆತ್ಸೇಮನೆಯ ತೋಟವನ್ನು ನೋಡಿರಿ. ನಮ್ಮ ಕರ್ತನು ಮೊದಲು ತನ್ನ ಮನಸ್ಸಿನಲ್ಲಿದ್ದದ್ದನ್ನು ಮರೆಮಾಡದೆ ತಂದೆಯ ಮುಂದೆ ಇಟ್ಟನು. ಆಮೇಲೆ ತಂದೆಯ ಚಿತ್ತಕ್ಕೆ ತನ್ನನ್ನು ಒಪ್ಪಿಸಿಕೊಟ್ಟನು. ಬಯಸುವದೇ ಪಾಪವಾಗಿದ್ದರೆ ಪಾಪರಹಿತನು ಹಾಗೆ ಬೇಡಿಕೊಳ್ಳುತ್ತಿದ್ದನೇ? ನಂಜನಗೂಡನ್ನು ದಾಟಿ ಹರಿಯುವ ಕಪಿಲೆಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದಾಚೆಗೆ ಕಪಿಲೆಯೆಂಬ ಹೆಸರು ಇಲ್ಲ. ಆದರೆ ಅದರ ನೀರು ಇಲ್ಲವಾಗಲಿಲ್ಲ. ಕೆಳಗಿನ ಗದ್ದೆಗಳು ಅದನ್ನೇ ಕುಡಿಯುತ್ತವೆ. ಬತ್ತಿಹೋದ ಹೊಳೆಗೆ ಸಂಗಮವೆಲ್ಲಿಯದು? ಹಾಗೆಯೇ ಬಯಕೆಯನ್ನೇ ಬತ್ತಿಸಿಕೊಂಡವನಲ್ಲಿ ದೇವರಿಗೆ ಒಪ್ಪಿಸತಕ್ಕದ್ದು ಏನೂ ಉಳಿಯುವದಿಲ್ಲ.

ಇದಕ್ಕಿಂತ ಕಠಿನವಾದ ಪ್ರಶ್ನೆ ಇನ್ನೊಂದುಂಟು. ಯಾವದು ದೇವರ ಚಿತ್ತವೆಂದು ನಮಗೆ ಹೇಳುವವರು ಯಾರು? ನಮ್ಮ ಹಿರಿಯರು ದಾರಿ ಮುಚ್ಚಿದಾಗಲೆಲ್ಲಾ ಹಣೆಬರಹವೆಂದು ನಿಟ್ಟುಸಿರುಬಿಟ್ಟರು. ನಾವು ಆ ಮಾತನ್ನು ಬಿಟ್ಟೆವು. ಆದರೆ ಅನೇಕರು ಅದೇ ಹಳೆಯ ಹೊರೆಗೆ ದೇವರ ಚಿತ್ತವೆಂಬ ಹೊಸ ಹೆಸರನ್ನು ಕಟ್ಟಿ ಹೊರುತ್ತಿದ್ದೇವೆ. ಅಣ್ಣನ ಮದುವೆಗೆ ಸಾಲವು ಹುಟ್ಟುತ್ತದೆ, ತಂಗಿಯ ಓದಿಗೆ ಬಸ್ಸಿನ ಕಾಸೂ ಹುಟ್ಟುವದಿಲ್ಲ. ಆಗ ಇದು ದೇವರ ಚಿತ್ತವಮ್ಮಾ ಎನ್ನುತ್ತೇವೆ. ಬಲವುಳ್ಳವನು ಬಡವನ ಹೊಲದ ಬದುವನ್ನು ಒತ್ತಿದರೆ, ಸಹಿಸಿಕೋ, ದೇವರ ಚಿತ್ತ ಎನ್ನುತ್ತೇವೆ. ಇದು ನಮ್ರತೆಯಲ್ಲ. ಮನುಷ್ಯನ ಅನ್ಯಾಯಕ್ಕೆ ದೇವರ ಮುದ್ರೆಯನ್ನು ಒತ್ತುವದು ಆತನ ನಾಮವನ್ನು ವ್ಯರ್ಥವಾಗಿ ಎತ್ತುವದೇ ಆಗಿದೆ.

ಅರಣ್ಯಕಾಂಡದ 27ನೆಯ ಅಧ್ಯಾಯದಲ್ಲಿ ಚಲ್ಪಹಾದನ ಐವರು ಹೆಣ್ಣುಮಕ್ಕಳ ಸಂಗತಿಯುಂಟು. ತಂದೆ ಸತ್ತನು, ಗಂಡುಮಕ್ಕಳಿಲ್ಲ. ವಾಡಿಕೆಯ ಪ್ರಕಾರ ಅವರಿಗೆ ಪಾಲಿಲ್ಲ. ಆದರೂ ಅವರು ಸಭೆಯೆಲ್ಲಾ ಕೂಡಿದ್ದಾಗ ಮೋಶೆಯ ಮುಂದೆ ನಿಂತು ತಮ್ಮ ಪಾಲನ್ನು ಕೇಳಿದರು. ಮೋಶೆಯು ಅವರನ್ನು ಗದರಿಸಲಿಲ್ಲ. ಸಂಗತಿಯನ್ನು ಯೆಹೋವನ ಸನ್ನಿಧಿಗೆ ತಂದನು. ಅವರು ಕೇಳಿದ್ದು ನ್ಯಾಯವೆಂದು ಯೆಹೋವನೇ ತೀರ್ಪುಕೊಟ್ಟನು. ಮುಚ್ಚಿದ್ದ ಬಾಗಿಲು ಮನುಷ್ಯರದು. ಕೇಳಬೇಕೆಂಬ ಧೈರ್ಯವು ದೇವರದು.

ಹಾಗಾದರೆ ಮುಚ್ಚಿದ ಬಾಗಿಲುಗಳನ್ನೆಲ್ಲಾ ಒಡೆಯುತ್ತಾ ಹೋಗಬೇಕೋ? ಅದೂ ಅಲ್ಲ. ಪೌಲನು ಬಿಥೂನ್ಯ ಸೀಮೆಗೆ ಹೋಗಬಯಸಿದನು. ಬಯಕೆ ಒಳ್ಳೆಯದೇ, ಸುವಾರ್ತೆಗಾಗಿಯೇ. ಆದರೂ ಆತ್ಮನು ಬಿಡಲಿಲ್ಲ. ಆಮೇಲೆ ಮಕೆದೋನ್ಯದ ಕರೆ ಬಂದಿತು. ಫಿಲಿಪ್ಪಿಯಲ್ಲಿ ಲುದ್ಯಳ ಮನೆ ತೆರೆಯಿತು.

ನಮ್ಮ ಸೀಮೆಯಲ್ಲಿಯೂ ಇಂಥದೊಂದು ನಡೆಯಿತು. ಐರ್ಲೆಂಡ್ ದೇಶದಲ್ಲಿ ಹುಟ್ಟಿದ ವಿಲಿಯಂ ಆರ್ಥರ್ ಎಂಬ ವೆಸ್ಲಿಯನ್ ಮಿಶನೆರಿಯು 1839ರಲ್ಲಿ, ಇಪ್ಪತ್ತರ ಯೌವನದಲ್ಲಿ ಹಿಂದೂ ದೇಶಕ್ಕೆ ಬಂದು ಮೈಸೂರು ಸಂಸ್ಥಾನದ ಗುಬ್ಬಿಯಲ್ಲಿ ಸೇವೆಗೆ ತೊಡಗಿದನು. ಆದರೆ ಕಣ್ಣಿನ ದೃಷ್ಟಿ ಕೆಟ್ಟು 1841ರಲ್ಲಿ ಸ್ವದೇಶಕ್ಕೆ ಹಿಂದಿರುಗಬೇಕಾಯಿತು. ಅಲ್ಲಿ ಆತನು ಸುಮ್ಮನೆ ಕೂತುಕೊಳ್ಳಲಿಲ್ಲ. 1847ರಲ್ಲಿ ಮೈಸೂರಿನ ಮಿಶನನ್ನು ಕುರಿತು ಪುಸ್ತಕವನ್ನು ಪ್ರಕಟಿಸಿದನು; 1851ರಿಂದ 1868ರ ವರೆಗೆ ವೆಸ್ಲಿಯನ್ ಮಿಶನರಿ ಸಂಘದ ಕಾರ್ಯದರ್ಶಿಗಳಲ್ಲಿ ಒಬ್ಬನಾಗಿದ್ದನು. ಒಂದು ಊರಿನ ಬಾಗಿಲು ಮುಚ್ಚಿತು. ಅನೇಕ ದೇಶಗಳ ಕೆಲಸವು ಅವನ ಕೈಗೆ ಬಂತು. ಅವನ ಕಣ್ಣನ್ನು ಕೆಡಿಸಿದವನು ದೇವರೆಂದು ನಾವು ಹೇಳಲಾರೆವು. ಕೆಟ್ಟ ಕಣ್ಣುಳ್ಳವನನ್ನು ದೇವರು ಕೈಬಿಡಲಿಲ್ಲವೆಂದು ಹೇಳಬಲ್ಲೆವು.

ತಾಳೆನೋಡುವದು ಹೇಗೆ? ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ.

ಮೊದಲನೆಯದು: ನನ್ನ ಬಯಕೆ ಕೈಗೂಡಬೇಕಾದರೆ ಸುಳ್ಳು, ಲಂಚ, ವರದಕ್ಷಿಣೆ, ನೆರೆಯವನ ನಷ್ಟ ಇವುಗಳಲ್ಲಿ ಯಾವದಾದರೂ ಬೇಕೋ? ಬೇಕಾದರೆ ಆ ದಾರಿಯು ದೇವರದಲ್ಲ. ಮುಂದಿನ ಪ್ರಶ್ನೆಗಳ ಅಗತ್ಯವೇ ಇಲ್ಲ.

ಎರಡನೆಯದು: ಬಾಗಿಲನ್ನು ಮುಚ್ಚಿದವರು ಯಾರು? ಅನ್ಯಾಯವು ಮುಚ್ಚಿದ್ದರೆ ಆ ಐವರಂತೆ ಕೇಳಬೇಕು, ಸಭೆಯೂ ಜೊತೆಯಲ್ಲಿ ನಿಂತು ಕೇಳಬೇಕು. ನಮ್ಮ ಮೈಗಳ್ಳತನವೇ ಮುಚ್ಚಿದ್ದರೆ ಎದ್ದು ದುಡಿಯಬೇಕು. ಯಾರ ತಪ್ಪೂ ಇಲ್ಲದೆ ಮುಚ್ಚಿದ್ದರೆ, ರಸಬಾಳೆಯ ತೋಟಕ್ಕೆ ಸೊರಗುರೋಗ ಬಿದ್ದಂತೆ ಕಷ್ಟವು ಬಂದಿದ್ದರೆ, ನೀರು ಯಾವ ಕಡೆಗೆ ತಿರುಗುತ್ತದೆಂದು ನೋಡಬೇಕು. ತಲಕಾಡಿನ ಸೀಮೆಗೆ ನೀರುಣಿಸುವ ಮಾಧವಮಂತ್ರಿ ಅಣೆಕಟ್ಟೆಯು ಕಾವೇರಿಗೆ ಅಡ್ಡವಾಗಿ ನಿಂತಿದೆ. ಆದರೆ ಆ ಅಡ್ಡಿಯಿಂದಲೇ ನೀರು ಕಾಲುವೆಗೆ ಏರಿ ಗದ್ದೆಯನ್ನು ಮುಟ್ಟುತ್ತದೆ.

ಮೂರನೆಯದು: ಈ ಕೆಲಸವನ್ನು ಬೇರೊಬ್ಬನು ಮಾಡಿದರೆ ನನಗೆ ಸಂತೋಷವೋ? ದಾವೀದನು ದೇವಾಲಯ ಕಟ್ಟಬೇಕೆಂದು ಬಯಸಿದನು. ಅದು ಮಗನಿಗೆ ನೇಮಕವಾಯಿತು. ಅವನು ಮುನಿಸಿಕೊಳ್ಳದೆ ಚಿನ್ನವನ್ನೂ ಮರವನ್ನೂ ಕೂಡಿಸಿಟ್ಟನು. ನಮ್ಮವರು ಕಾಯಿಲೆಗೆ ಹೋಗುವ ಮೈಸೂರಿನ ಮಿಶನ್ ಆಸ್ಪತ್ರೆಯು 1906ರಲ್ಲಿ ತೆರೆಯಿತು. ಅದು ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್ ಎಂಬಾಕೆಯ ಜ್ಞಾಪಕಾರ್ಥವಾದದ್ದು. ಆ ಹೆಸರಿನವಳು ಅದರ ಬಾಗಿಲನ್ನು ಕಾಣಲಿಲ್ಲ. ನನ್ನ ಕಣ್ಣು ಕಾಣದಿದ್ದರೂ ಒಳ್ಳೆಯದು ಆಗಲಿ ಎನ್ನುವ ಬಯಕೆಯು ದೇವರ ಚಿತ್ತಕ್ಕೆ ಬಹು ಸಮೀಪವಾಗಿದೆ.

ಇಷ್ಟಾದರೂ ಕೆಲವು ಬಯಕೆಗಳು ಕೈಗೂಡವು, ಬೇರೆ ಕಾಲುವೆಗೂ ತಿರುಗವು. ಕೂಸನ್ನು ಮಣ್ಣುಮಾಡಿ ಬಂದ ತಾಯಿಗೆ ಇದು ದೇವರ ಚಿತ್ತವೆಂದು ಹೇಳಲು ಆತುರಪಡಬೇಡಿರಿ. ಲಾಜರನ ಸಮಾಧಿಯ ಬಳಿಯಲ್ಲಿ ಕರ್ತನು ಮೊದಲು ಅತ್ತನು. ಪೌಲನ ಶರೀರದಲ್ಲಿದ್ದ ಶೂಲವು ಮೂರು ಸಾರಿ ಬೇಡಿದರೂ ಹೋಗಲಿಲ್ಲ. ತಾಳುವ ಕೃಪೆ ದೊರೆಯಿತು. ಅಂಥವರ ಮನೆಯಲ್ಲಿ ಉಪದೇಶಕ್ಕಿಂತ ಒಂದು ಹೊತ್ತಿನ ಗಂಜಿಯೂ ಮೌನವೂ ಹೆಚ್ಚಾದ ಸೇವೆಯಾಗಿದೆ.

ಸಭೆಯ ಹಿರಿಯರೇ, ಈ ವರುಷ ಶಾಲೆಗಳು ತೆರೆಯುವಾಗ ಒಂದು ಮಗುವು ನಿಮ್ಮ ಬಳಿಗೆ ಬಂದು ತನ್ನ ಬಯಕೆಯನ್ನು ಹೇಳಬಹುದು. ಅದು ದೇವರ ಚಿತ್ತವಲ್ಲವೆಂದು ಹೇಳುವ ಮೊದಲು, ಅದು ನಮ್ಮ ಕೈಚೀಲದ ಚಿತ್ತವೋ ಎಂದು ವಿಚಾರಿಸಿರಿ. ಮಕ್ಕಳೇ, ನಿಮ್ಮ ಬಯಕೆಯನ್ನು ದೇವರಿಂದ ಬಚ್ಚಿಡಬೇಡಿರಿ. ಮುಷ್ಟಿ ಕಟ್ಟಿ ಹಿಡಿಯಲೂ ಬೇಡಿರಿ. ತೆರೆದ ಅಂಗೈಯಲ್ಲಿಟ್ಟು ಆತನಿಗೆ ತೋರಿಸಿರಿ. ಕೊಡುವದಕ್ಕೂ ತೆಗೆಯುವದಕ್ಕೂ ತಿರುಗಿಸುವದಕ್ಕೂ ಆತನಿಗೆ ಎಡೆಯಿರಲಿ.