ಒಳಗೆ ಕಳಿಸಿದವರ ಹೊಣೆ



ಅಭಿಮನ್ಯುವಿನ ಕಥೆ ನಮಗೆಲ್ಲ ಗೊತ್ತಿರುವುದೇ. ಚಕ್ರವ್ಯೂಹದ ಒಳಗೆ ಹೋಗುವುದು ಅವನಿಗೆ ತಿಳಿದಿತ್ತು, ಹೊರಗೆ ಬರುವುದು ತಿಳಿದಿರಲಿಲ್ಲ. ಅದನ್ನು ಅವನು ಮೊದಲೇ ಹೇಳಿದ್ದ. ಹಿಂದೆಯೇ ಬರುತ್ತೇವೆಂದು ದೊಡ್ಡವರು ಭರವಸೆ ಕೊಟ್ಟರು. ಸೈಂಧವ ಅವರನ್ನು ತಡೆದ. ಹುಡುಗ ಒಳಗೇ ಉಳಿದ. ಚಿಕ್ಕಂದಿನಲ್ಲಿ ಈ ಕಥೆ ಕೇಳಿ ಕಣ್ಣೀರು ಹಾಕಿದ ನಾವು, ಕಳಿಸಿದವರ ಹೊಣೆ ಎಷ್ಟು ಎಂದು ಕೇಳಿದವರಲ್ಲ. ಬೊಬ್ಲಿಂಗೆನ್ನಿನ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಘಟನೆ ಆ ಪ್ರಶ್ನೆಯನ್ನು ನಮ್ಮ ಮುಂದೆ ತಂದಿಟ್ಟಿತು.

ನಮ್ಮ ಅತ್ತಿಗೆಯವರು ಊರಿನಲ್ಲಿ ವರ್ಷಗಟ್ಟಲೆ ಹೈಸ್ಕೂಲಿನ ಮಕ್ಕಳಿಗೆ ಗಣಿತ ಹೇಳಿಕೊಟ್ಟವರು. ಇಲ್ಲಿಗೆ ಬಂದ ಮೇಲೆ ಜರ್ಮನ್ ಕಲಿತು, ಕೆಲಸಕ್ಕೊಂದು ದಾರಿಯಾದೀತೆಂದು ಕಂಪ್ಯೂಟರ್ ತರಬೇತಿಗೆ ಸೇರಿದರು. ಮನೆಪಾಠವನ್ನು ಲಿನಕ್ಸ್ ಯಂತ್ರದಲ್ಲಿ ‘ವಿಮ್’ ಎಂಬ ತಂತ್ರಾಂಶದಿಂದ ಬರೆಯಬೇಕಿತ್ತು. ಅದಕ್ಕೆ ಮೆನು ಇಲ್ಲ, ಗುಂಡಿಗಳ ಚಿತ್ರವಿಲ್ಲ, ಎಲ್ಲವೂ ಕೀಲಿಮಣೆಯಿಂದಲೇ. ಹೇಗೆಂದು ಅವರು ಕೇಳಿದಾಗ ನಾವು, “ಬಹಳ ಸುಲಭ ಅತ್ತಿಗೆ, ವಿಮ್ ಅಂತ ಹೊಡೆದು ಫೈಲಿನ ಹೆಸರು ಕೊಡಿ, ಬರೀತಾ ಹೋಗಿ” ಎಂದು ಹೇಳಿ ಆಫೀಸಿಗೆ ಹೊರಟೆವು.

ಅವರು ಇಂಗ್ಲಿಷ್ ಅಕ್ಷರಗಳಲ್ಲಿ ‘ನಮಸ್ತೆ’ ಎಂದು ಹೊಡೆದರು. ತೆರೆಯ ಮೇಲೆ ಮೂಡಿದ್ದು ‘ಮಸ್ತೆ’. ಕಾರಣವಿಷ್ಟೆ: ವಿಮ್ ತೆರೆದ ಕೂಡಲೇ ಪ್ರತಿ ಅಕ್ಷರವೂ ಒಂದು ಆಜ್ಞೆ. ‘ಎನ್’ ಎಂದರೆ ಹಿಂದೆ ಹುಡುಕಿದ್ದನ್ನು ಮತ್ತೆ ಹುಡುಕು. ‘ಎ’ ಎಂದರೆ ಇಲ್ಲಿಂದ ಬರೆಯಲು ಬಿಡು. ಹೀಗೆ ಆಕಸ್ಮಿಕವಾಗಿ ಬಾಗಿಲು ತೆರೆಯಿತು. ಎರಡು ಗಂಟೆ ಕೂತು ಪಾಠ ಬರೆದರು. ಮುಗಿಸಿ ಹೊರಬರಲು ‘ಎಕ್ಸಿಟ್’ ಎಂದು ಹೊಡೆದರೆ ಆ ಪದವೂ ಪಾಠದೊಳಗೇ ಸೇರಿತು, ‘ಕ್ವಿಟ್’ ಕೂಡ ಸೇರಿತು. ಕೊನೆಗೆ ಪ್ಲಗ್ ಕಿತ್ತರು. ಮರುದಿನ ಅದೇ ಫೈಲ್ ತೆರೆದರೆ ತೆರೆ ತುಂಬ ಎಚ್ಚರಿಕೆಯ ಮಾತು! ಬರೆದದ್ದೆಲ್ಲ ಹೋಯಿತೆಂದು ಹೆದರಿ ಮುಚ್ಚಿಬಿಟ್ಟರು.

ಯುಗಾದಿ ಊಟದಲ್ಲಿ ನಾವು ಇದನ್ನು ತಮಾಷೆಯಾಗಿ ಹೇಳಿದೆವು. ಎಲ್ಲರೂ ನಕ್ಕರು, ಒಬ್ಬಟ್ಟು ಬಡಿಸುತ್ತಿದ್ದ ಅತ್ತಿಗೆಯವರೂ ನಕ್ಕರು. ಅವರು ತರಬೇತಿಗೆ ಹೋಗುವುದನ್ನು ನಿಲ್ಲಿಸಿದ್ದಾರೆಂದು ತಿಳಿದದ್ದು ಮೂರು ವಾರಗಳ ನಂತರ.

ಆಗ ಜೊತೆಯಲ್ಲಿ ಕುಳಿತು ಆ ಫೈಲ್ ತೆರೆದು, ಎಚ್ಚರಿಕೆಯ ಕೆಳಗೆ ‘ಆರ್’ ಒತ್ತಿದೆವು. ಪಾಠ ಬಹುಪಾಲು ಹಾಗೇ ಮರಳಿ ಬಂತು. ವಿಮ್ ಬರೆಯುತ್ತಿರುವಾಗಲೇ ಗುಟ್ಟಾಗಿ ಒಂದು ಪ್ರತಿ ಇಟ್ಟುಕೊಳ್ಳುತ್ತದೆ. ಆ ಎಚ್ಚರಿಕೆ ಹೇಳುತ್ತಿದ್ದದ್ದು ಅದನ್ನೇ. ಅತ್ತಿಗೆಯವರು ತೆರೆ ನೋಡಿ ಕೇಳಿದರು: “ಇದು ನಿಮಗೆ ಆವತ್ತೇ ಗೊತ್ತಿತ್ತಾ?”

ಗೊತ್ತಿತ್ತು. ನಗುವ ಭರದಲ್ಲಿ ಹೇಳಲಿಲ್ಲ.

ತಪ್ಪು ಯಾರದು? ಕುಣಿಯಲಾರದವಳು ನೆಲ ಡೊಂಕು ಎಂದಳು ಎಂಬ ಗಾದೆ ಇಲ್ಲಿ ಸಲ್ಲದು. ನೆಲವೂ ಡೊಂಕಲ್ಲ. ವಿಮ್‌ನ ಹಿಂದಿನ ರೂಪವಾದ ‘ವಿಐ’ಯನ್ನು ಬಿಲ್ ಜಾಯ್ 1976ರಲ್ಲಿ ಬರ್ಕ್‌ಲಿಯಲ್ಲಿ ಬರೆದಾಗ ದೂರವಾಣಿ ತಂತಿಯ ಮೇಲೆ ಅಕ್ಷರಗಳು ಆಮೆಯಂತೆ ಬರುತ್ತಿದ್ದವು, ಒಂದೊಂದೇ ಅಕ್ಷರದ ಆಜ್ಞೆ ಆಗ ವರವಾಗಿತ್ತು. 1991ರಲ್ಲಿ ವಿಮ್ ಅನ್ನು ಲೋಕಕ್ಕೆ ಕೊಟ್ಟವರು ಹಾಲೆಂಡಿನ ಬ್ರಾಮ್ ಮೂಲೆನಾರ್. 1994ರಲ್ಲಿ ಒಂದು ವರ್ಷ ಉಗಾಂಡಾದ ಕಿಬಾಲೆಯ ಮಕ್ಕಳ ಕೇಂದ್ರದಲ್ಲಿ ಸ್ವಯಂಸೇವಕರಾಗಿ ದುಡಿದ ಅವರು, ವಿಮ್ ಮೆಚ್ಚಿದವರು ಆ ಮಕ್ಕಳಿಗೆ ನೆರವಾಗಲಿ ಎಂದು ಕೋರಿದರು. 2023ರ ಆಗಸ್ಟಿನಲ್ಲಿ ತೀರಿಕೊಂಡರು. ಬರಿದೇ ವಿಮ್ ಎಂದು ತೆರೆದರೆ ಹೊರಬರುವ ದಾರಿ ಮೊದಲ ತೆರೆಯಲ್ಲೇ ಬರೆದಿರುತ್ತದೆ. ಜೊತೆಗೆ ಬರುವ ‘ವಿಮ್‌ಟ್ಯೂಟರ್’ ಎಂಬ ಅರ್ಧ ಗಂಟೆಯ ಪಾಠದಲ್ಲಿ ಓಡಾಟದ ನಂತರದ ಎರಡನೆಯ ಪಾಠವೇ ಹೊರಬರುವುದು. ಆದರೆ ಫೈಲಿನ ಹೆಸರು ಕೊಟ್ಟು ತೆರೆದರೆ ಆ ಮೊದಲ ತೆರೆ ಕಾಣುವುದಿಲ್ಲ. ಹಾಗೆ ತೆರೆಯಲು ಹೇಳಿದವರು ನಾವು.

ತಾನೇ ಒದ್ದಾಡಿದರೆ ತಾನೆ ವಿದ್ಯೆ ಬರುವುದು ಎಂದು ಕೆಲವರು ಹೇಳಿಯಾರು. ಊರಿನಲ್ಲಿ ಈಜು ಕಲಿಸುವಾಗ ಬಾವಿಗೆ ತಳ್ಳುತ್ತಿದ್ದರಲ್ಲ ಎಂದೂ ಕೇಳಿಯಾರು. ತಳ್ಳುತ್ತಿದ್ದರು ನಿಜ; ಆದರೆ ಬೆನ್ನಿಗೆ ಒಣಗಿದ ಸೋರೆಬುರುಡೆ ಇರುತ್ತಿತ್ತು, ಸೊಂಟಕ್ಕೆ ಕಟ್ಟಿದ ಹಗ್ಗದ ತುದಿ ಮಾವನ ಕೈಯಲ್ಲಿರುತ್ತಿತ್ತು. ಒದ್ದಾಡುವುದು ಕಲಿಯುವವರ ಪಾಲು, ಹಗ್ಗ ಹಿಡಿಯುವುದು ಕಲಿಸುವವರ ಪಾಲು.

ನಾವೂ ಹೊಸಬರಾಗಿದ್ದವರೇ. ಈ ಊರಿಗೆ ಬಂದ ಮೊದಲ ತಿಂಗಳು ನಮ್ಮ ಬಾಗಿಲಿಗೆ ‘ಕೇರ್‌ವೋಖೆ’ ಎಂಬ ಹಲಗೆ ನೇತುಬಿದ್ದಾಗ, ಅದು ಮೆಟ್ಟಿಲು ಗುಡಿಸುವ ನಮ್ಮ ಸರದಿ ಎಂದು ತಿಳಿಯದೆ ಅಲಂಕಾರವೆಂದುಕೊಂಡಿದ್ದೆವು. ಎದುರು ಮನೆಯ ಅಜ್ಜಿ ನಗಲಿಲ್ಲ. ಪೊರಕೆ ತಂದು ಜೊತೆಯಲ್ಲಿ ಗುಡಿಸಿ ತೋರಿಸಿದರು.

ಬಲ್ಲವರೂ ಎಲ್ಲೋ ಒಂದು ಕಡೆ ಹೊಸಬರೇ. ಇದೇ ಊರಿನ ಐಬಿಎಂ ಪ್ರಯೋಗಾಲಯದವರು ಮೇನ್‌ಫ್ರೇಮ್ ಯಂತ್ರಕ್ಕೆ ಲಿನಕ್ಸನ್ನು ಹೊಂದಿಸಿ 1999ರ ಡಿಸೆಂಬರಿನಲ್ಲಿ ಹೊರತಂದರು. ಆ ಯಂತ್ರದ ಸಾಲುಗಟ್ಟಿ ತೋರಿಸುವ ಕನ್ಸೋಲಿನಲ್ಲಿ ವಿಮ್ ನಡೆಯದು. ಕೆನ್ ಥಾಂಪ್ಸನ್ ಬರೆದ ಹಳೆಯ ‘ಇಡಿ’ಯೇ ಗತಿ. ತಪ್ಪು ಮಾಡಿದರೆ ಅದು ಕೊಡುವ ಉತ್ತರ ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆ. ವಿಮ್ ಪಂಡಿತರೂ ಅಲ್ಲಿ ಕಣ್ಣು ಕಣ್ಣು ಬಿಡಬೇಕು.

ಆದ್ದರಿಂದ ನಿಮ್ಮ ಮನೆಯಲ್ಲಿ ಯಾರಾದರೂ ಕಲಿಯಲು ಕುಳಿತರೆ ಮೊದಲು ಹೊರದಾರಿ ಹೇಳಿ. ‘ಎಸ್ಕೇಪ್’ ಒತ್ತಿ, ಕೋಲನ್ ಚಿಹ್ನೆ ಹೊಡೆದು, ‘ಡಬ್ಲ್ಯು’, ‘ಕ್ಯೂ’, ಎಂಟರ್: ಉಳಿಸಿ ಹೊರಬರಬಹುದು. ಉಳಿಸುವುದು ಬೇಡವಾದರೆ ಕೋಲನ್, ‘ಕ್ಯೂ’, ಆಶ್ಚರ್ಯ ಚಿಹ್ನೆ, ಎಂಟರ್. ಬರೆಯಲು ‘ಐ’. ಮೊದಲ ದಿನಕ್ಕೆ ಇಷ್ಟು ಸಾಕು. ಇದೂ ಭಾರವೆನಿಸಿದರೆ ‘ನ್ಯಾನೊ’ ಇದೆ, ಆಜ್ಞೆಗಳು ತೆರೆಯ ಕೆಳಗೇ ಕಾಣುತ್ತವೆ. ಅಲ್ಲಿ ಅಕ್ಷರದ ಹಿಂದಿರುವ ^ ಗುರುತು ಎಂದರೆ ಕಂಟ್ರೋಲ್ ಕೀಲಿ. ಜರ್ಮನ್ ಕೀಲಿಮಣೆಯಲ್ಲಿ ^ ಎಂಬ ಕೀಲಿಯೇ ಬೇರೆ ಇದೆ, ಕಂಟ್ರೋಲಿನ ಮೇಲೆ ‘ಸ್ಟ್ರಗ್’ ಎಂದು ಬರೆದಿದೆ. ಇದನ್ನು ಹೇಳದಿದ್ದರೆ ಜಾಣರೂ ಅರ್ಧ ಗಂಟೆ ಹುಡುಕುತ್ತಾರೆ.

ಅತ್ತಿಗೆಯವರ ಆ ತರಬೇತಿಯ ಅವಧಿ ಮುಗಿದುಹೋಗಿದೆ. ಮುಂದಿನದಕ್ಕೆ ಅರ್ಜಿ ಹಾಕಿದ್ದಾರೆ. ಅದನ್ನು ಬರೆದದ್ದು ವಿಮ್‌ನಲ್ಲಿಯೇ. ನಾವು ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದೆವು, ಕೇಳಿದಾಗ ಮಾತ್ರ ಬಾಯಿ ಬಿಟ್ಟೆವು. ಎರಡೇ ಸಲ ಕೇಳಿದರು.