ಕಾಯಕದ ಅಭಿಮಾನ, ಹೆಸರಿನ ಹೊಣೆ

ಒಳ್ಳೆಯ ಹೆಸರನ್ನು ಬಯಸದ ಮನುಷ್ಯನಿಲ್ಲ. ನೇಕಾರನು ತಾನು ನೆಯ್ದ ಸೀರೆಯ ಅಂಚನ್ನು ಸವರಿ ಸಂತೋಷಪಡುತ್ತಾನೆ. ಒಕ್ಕಲಿಗನು ತೆನೆ ತೂಗುವ ಹೊಲದ ಬದುವಿನಲ್ಲಿ ಒಂದು ಗಳಿಗೆ ನಿಂತು ಕಣ್ತುಂಬ ನೋಡುತ್ತಾನೆ. ಈ ಸಂತೋಷವು ದೋಷವೇ? 'ನಾನು' ಎಂಬುದನ್ನು ಅಳಿಯಬೇಕೆಂದು ಬೋಧಿಸಿದ ಶರಣಧರ್ಮದಲ್ಲಿ ಕೆಲಸದ ಹೆಮ್ಮೆಗೆ ಎಡೆಯುಂಟೇ? ಗೃಹಸ್ಥಭಕ್ತರ ಮನದಲ್ಲಿ ಏಳುವ ಈ ಸಂದೇಹಕ್ಕೆ 12ನೆಯ ಶತಮಾನದ ಕಲ್ಯಾಣದ ಶರಣರ ಬಾಳೇ ಉತ್ತರವಾಗಿದೆ.

ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯನ್ನು ಅರಿಯದ ಭಕ್ತರು ವಿರಳ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ; ಅದರಿಂದ ಜಂಗಮದಾಸೋಹ ನಡೆಸುವುದು ಆ ಮನೆಯ ವ್ರತ. ಲೋಕದ ಕಣ್ಣಿಗೆ ಇದಕ್ಕಿಂತ ಕಿರಿದಾದ ಕೆಲಸವಿಲ್ಲ. ಆದರೂ ಅನುಭಾವದ ಮಾತಿನಲ್ಲಿ ಮೈಮರೆತ ಪತಿಗೆ, ಹೊತ್ತು ಮೀರುತ್ತಿದೆಯೆಂದು ಎಚ್ಚರಿಸಿದವಳು ಲಕ್ಕಮ್ಮ. ಮಾರಯ್ಯನು ಎಂದಿನ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಆಕೆ ಹಿಗ್ಗಲಿಲ್ಲ. ನಿತ್ಯಕ್ಕೆ ಬೇಕಾದುದನ್ನು ಮೀರಿದುದು ಆಸೆಯ ಪಾಲೆಂದು ತಿಳಿಸಿ, ಅದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಹೇಳಿದಳು. ಮಾರಯ್ಯನು ಮರುಮಾತಾಡದೆ ನಡೆದನು.

ಇಲ್ಲಿ ಮನಗಾಣಬೇಕಾದುದು ಒಂದುಂಟು. ಪತಿಯ ಹೆಸರನ್ನು ತನ್ನ ವಚನಾಂಕಿತದಲ್ಲಿಯೇ ಧರಿಸಿದವಳು ಲಕ್ಕಮ್ಮ. ಆ ಹೆಸರು ಬೆಳಗಬೇಕೆಂಬ ಕಾರಣದಿಂದಲೇ ಆಕೆ ಪತಿಯನ್ನು ತಿದ್ದಿದಳು. ಹೊಗಳುವವರು ಹೆಸರನ್ನು ಹರಡಬಲ್ಲರು. ಅದನ್ನು ಉಳಿಸಬಲ್ಲವರು ತಿದ್ದುವವರು ಮಾತ್ರ. ಇತ್ತ ಮಾರಯ್ಯನಿಗೂ ತನ್ನ ಕಾಯಕದಲ್ಲಿ ಅಭಿಮಾನವಿದ್ದಿತು. ಆದರೆ ಆ ಅಭಿಮಾನವು ಮನೆಯವಳ ಮಾತಿಗೆ ಕಿವಿಯನ್ನು ಮುಚ್ಚಲಿಲ್ಲ. ಅಭಿಮಾನಕ್ಕೂ ಅಹಂಕಾರಕ್ಕೂ ಇರುವ ಅಂತರವಿದೇ. ಅಭಿಮಾನವು ಕೆಲಸವನ್ನು ನೋಡುತ್ತದೆ, ತಪ್ಪನ್ನು ತೋರಿದರೆ ತಿದ್ದಿಕೊಳ್ಳುತ್ತದೆ. ಅಹಂಕಾರವು ನೋಡುವವರನ್ನು ನೋಡುತ್ತದೆ, ತಪ್ಪನ್ನು ತೋರಿದವರ ಮೇಲೆ ಮುನಿಯುತ್ತದೆ.

ಹೆಸರಿಗೆ ಹೊರಗಿನಿಂದಲೂ ಕುಂದು ಬರಬಹುದು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮೇಲೆ, ಅರಸನ ಧನವನ್ನು ಜಂಗಮರಿಗೆ ವ್ಯಯಿಸುತ್ತಿರುವರೆಂಬ ದೂರು ಬಂದಿತು. ಭೀಮಕವಿಯು 1369ರಲ್ಲಿ ಕನ್ನಡಿಸಿದ ಬಸವಪುರಾಣದ ಪರಂಪರೆಯಲ್ಲಿ ಈ ಪ್ರಸಂಗ ಪ್ರಸಿದ್ಧ. ದೂರಿದವರನ್ನು ದೂರುವುದು ಬಸವಣ್ಣನವರ ಮಾರ್ಗವಾಗಲಿಲ್ಲ. ಭಂಡಾರವೇ ಸಾಕ್ಷಿ ನುಡಿಯಿತು. ಎಣಿಸಿ ನೋಡಲಾಗಿ ಒಂದು ಹೊನ್ನೂ ಕಡಿಮೆಯಿರಲಿಲ್ಲ. ಲೆಕ್ಕವು ನೆಟ್ಟಗಿದ್ದವನಿಗೆ ಬಾಯಿಬಡಿತದ ಅಗತ್ಯವಿಲ್ಲ. ಅಪವಾದವು ಬಂದ ದಿನ ಹೆಸರನ್ನು ಕಾಯಲು ಹೊರಟವನು ತಡಮಾಡಿದವನೇ ಸರಿ. ಯಾರೂ ಕೇಳದ ದಿನಗಳಲ್ಲಿ ಬರೆದಿಟ್ಟ ಲೆಕ್ಕವೇ ಅಂದು ಅವನನ್ನು ಕಾಯುತ್ತದೆ.

ಆದರೆ ಹೆಸರೇ ದೇವರಾಗಬಾರದು. ಹೆಸರಿಗೆ ಅಂಜಿದವನು ಮೊದಲು ತಪ್ಪನ್ನು ಬಿಡುತ್ತಾನೆ. ಹೆಸರಿಗೇ ಮರುಳಾದವನು ತಪ್ಪನ್ನು ಬಚ್ಚಿಡುತ್ತಾನೆ. ತೂಕದಲ್ಲಿ ತಪ್ಪಾಗಿದ್ದರೆ ಗಿರಾಕಿಯನ್ನು ಕರೆದು ಕೊರತೆಯನ್ನು ತುಂಬಿಕೊಡುವ ಅಂಗಡಿಕಾರನಿಗೆ ಒಂದು ದಿನದ ನಾಚಿಕೆ ಉಂಟಾಗಬಹುದು. ಮುಚ್ಚಿಟ್ಟವನಿಗೆ ದಿನದಿನದ ಅಂಜಿಕೆ ತಪ್ಪದು. ಜನರ ಕಣ್ಣನ್ನು ಮರೆಸಬಹುದು, ಅಂಗದ ಮೇಲಿರುವ ಲಿಂಗವನ್ನು ಮರೆಸಲಾದೀತೇ? ಇಷ್ಟಲಿಂಗವನ್ನು ಧರಿಸಿದವನಿಗೆ ಯಾರೂ ಕಾಣದ ಕೆಲಸವೆಂಬುದೇ ಇಲ್ಲ.

ಆದುದರಿಂದ ಗೃಹಸ್ಥನು ಮಗ್ಗದಲ್ಲಿರಲಿ, ನೇಗಿಲ ಹಿಂದಿರಲಿ, ಶಾಲೆಯಲ್ಲಿರಲಿ, ಕಚೇರಿಯಲ್ಲಿರಲಿ, ದಿನದ ಕೊನೆಗೆ ಲಿಂಗಪೂಜೆಗೆ ಕುಳಿತಾಗ ತನ್ನನ್ನು ತಾನು ಕೇಳಿಕೊಳ್ಳಲಿ: ಇಂದಿನ ಕೆಲಸವನ್ನು ಅಂಗೈಯ ಲಿಂಗದ ಮುಂದೆ ಇಡಬಹುದೇ? ಕೈತಪ್ಪಿ ಬಂದ ಹಿಡಿ ಅಕ್ಕಿಯೇನಾದರೂ ಮನೆಯಲ್ಲಿ ಉಳಿದಿದೆಯೇ? ಉಳಿದಿದ್ದರೆ ನಾಳೆ ಬೆಳಗಾಗುವುದರೊಳಗೆ ಅದು ಇದ್ದಲ್ಲಿಗೆ ಹೋಗಲಿ. ಉಳಿದಿಲ್ಲವಾದರೆ ಅವನು ನೆಮ್ಮದಿಯಿಂದ ಹೆಮ್ಮೆಪಡಲಿ. ಆ ಹೆಮ್ಮೆಯು ಲಿಂಗಕ್ಕೆ ಅರ್ಪಿತವಾದ ಹೆಮ್ಮೆ, ಅದು ಪ್ರಸಾದವಾಗಿಯೇ ಮರಳಿ ಬರುತ್ತದೆ.